ವಿಷ ರಾಸಾಯನಿಕಗಳನ್ನು ನಿರ್ವಿಷಗೊಳಿಸಲು ಅಯಾನಿಕ ದ್ರವಗಳು: ಕರಗಿಸಿದರೆ ಸಾಕೆ?

ಅನ್ವೇಷಕಿ
ಸಾಸಿವೆ ಅನಿಲ, ನರವಿಷಗಳು ಮತ್ತು ಅವುಗಳಿಗೆ ರಚನೆಯಲ್ಲಿ ಹತ್ತಿರವಾದ ಆರ್ಗನೊಫಾಸ್ಫರಸ್ ಕೀಟನಾಶಕಗಳನ್ನು ನಿರ್ವಿಷಗೊಳಿಸಲು ಅಯಾನಿಕ ದ್ರವಗಳನ್ನು, ಅಂದರೆ ಕಡಿಮೆ ಉಷ್ಣತೆಯಲ್ಲೇ ದ್ರವವಾಗಿರುವ ಲವಣಗಳನ್ನು, ದ್ರಾವಕವಾಗಿ ಬಳಸುವ ಬಗ್ಗೆ ಓದುತ್ತಿದ್ದೇನೆ. ಎಲ್ಲ ಬರಹಗಳೂ ಒಂದೇ ಬಗೆಯಲ್ಲಿ ಆರಂಭವಾಗುತ್ತವೆ: ಈ ದ್ರವಗಳು ಆವಿಯಾಗುವುದಿಲ್ಲ, ಅವುಗಳಿಗೆ ಬೆಂಕಿ ಹೊತ್ತಿಕೊಳ್ಳುವುದಿಲ್ಲ, ಎಣ್ಣೆಯಂತಹ ವಿಷವನ್ನೂ ಅದನ್ನು ಒಡೆಯುವ ಲವಣವನ್ನೂ ಒಂದೇ ಪಾತ್ರೆಯಲ್ಲಿ ಕರಗಿಸುತ್ತವೆ, ಬಳಸಿದ ಮೇಲೆ ಶುದ್ಧೀಕರಿಸಿ ಮತ್ತೆ ಬಳಸಬಹುದು. ಇಷ್ಟೆಲ್ಲ ಗುಣಗಳಿದ್ದರೂ ಇಂದಿಗೂ ಕಾಸ್ಟಿಕ್ ಸೋಡಾ, ಬ್ಲೀಚಿಂಗ್ ಪುಡಿ, ದಹನ ಕುಲುಮೆಗಳೇ ಮುಖ್ಯ ಸಾಧನಗಳಾಗಿ ಉಳಿದಿರುವುದೇಕೆ? ಈ ಕ್ಷೇತ್ರದಲ್ಲಿ ಕೆಲಸ ಮಾಡಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಲವಣದ್ರವ
ಮೊದಲು ಹಿನ್ನೆಲೆ. ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಅದರ ಪುಟ್ಟ ಸೋಡಿಯಂ ಅಯಾನಿನ ಜಾಗದಲ್ಲಿ ದೊಡ್ಡದಾದ, ಸಮರೂಪತೆಯಿಲ್ಲದ ಸಾವಯವ ಧನಾಯಾನನ್ನು ಇಟ್ಟರೆ ಸ್ಫಟಿಕ ಬಿಗಿಯಾಗಿ ಕಟ್ಟಿಕೊಳ್ಳಲಾರದೆ ಲವಣವು ಕೋಣೆಯ ಉಷ್ಣತೆಯಲ್ಲೇ ದ್ರವವಾಗಿ ಉಳಿಯುತ್ತದೆ. 1914ರಲ್ಲಿ ಪಾಲ್ ವಾಲ್ಡೆನ್ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್ 12 ಡಿಗ್ರಿಯಲ್ಲೇ ಕರಗುತ್ತಿತ್ತು. ಗಾಳಿಗೂ ತೇವಕ್ಕೂ ತಡೆದುಕೊಳ್ಳುವ ಇಮಿಡಜೋಲಿಯಂ (ಸಾರಜನಕವಿರುವ ಉಂಗುರದ ಧನಾಯಾನು) ಲವಣಗಳನ್ನು ವಿಲ್ಕ್ಸ್ ಮತ್ತು ಜವೊರೊಟ್ಕೊ 1992ರಲ್ಲಿ ಪ್ರಕಟಿಸಿದ ಮೇಲೆ ಕ್ಷೇತ್ರ ವೇಗವಾಗಿ ಬೆಳೆಯಿತು. ಧನಾಯಾನು ಒಂದು ಕಡೆ, ಋಣಾಯಾನು ಇನ್ನೊಂದು ಕಡೆ. ಎರಡನ್ನೂ ಬೇಕಾದಂತೆ ಬದಲಿಸಿ ದ್ರಾವಕದ ಗುಣವನ್ನೇ ಕಟ್ಟಬಹುದು. ಸಾಸಿವೆ ಅನಿಲದಂತಹ ವಸ್ತುವಿಗೆ ಇದಕ್ಕಿಂತ ತಕ್ಕ ದ್ರಾವಕ ಸಿಗುವುದು ಕಷ್ಟ.

ಹಳೆಯ ಪ್ರಯೋಗಶಾಲೆ
ಕರಗಿಸುವುದು ಬೇರೆ, ನಾಶಪಡಿಸುವುದು ಬೇರೆ. ಈ ಚರ್ಚೆಯಲ್ಲಿ ಅದೊಂದನ್ನು ಎಲ್ಲರೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಲವಣದ್ರವ
ಆದರೆ ಸಾಸಿವೆ ಅನಿಲದ ವಿಷಯದಲ್ಲಿ ಕರಗಿಸುವುದೇ ದೊಡ್ಡ ಸಮಸ್ಯೆಯಲ್ಲವೇ? ಅದು ಹೆಸರಿಗಷ್ಟೇ ಅನಿಲ. 14 ಡಿಗ್ರಿಗಿಂತ ಮೇಲೆ ಅದು ಎಣ್ಣೆಯಂತಹ ದ್ರವ. ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಮಿನಷ್ಟೂ ಕರಗುವುದಿಲ್ಲ. ಕರಗಿದ ಅಣು ಮಾತ್ರ ಕೋಣೆಯ ಉಷ್ಣತೆಯಲ್ಲಿ ನಿಮಿಷಗಳ ಲೆಕ್ಕದಲ್ಲಿ ಜಲವಿಭಜನೆಗೊಳ್ಳುತ್ತದೆ. ನೀರಿಗೆ ಸುರಿದು ಸರಿಯಾಗಿ ಕಲಕದೆ ಬಿಟ್ಟರೆ ಹನಿಯ ಹೊರಮೈಯಲ್ಲಿ ಸಲ್ಫೋನಿಯಂ ಲವಣಗಳ ಪದರ ಕಟ್ಟಿಕೊಂಡು, ಒಳಗಿನ ವಿಷವನ್ನು ವರ್ಷಗಟ್ಟಲೆ ಕಾಪಾಡುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಾಲ್ಟಿಕ್ ಸಮುದ್ರಕ್ಕೆ ಎಸೆದ ಸಾಸಿವೆ ಅನಿಲದ ಗಟ್ಟಿಯಾದ ಉಂಡೆಗಳು ದಶಕಗಳ ನಂತರವೂ ಮೀನುಗಾರರ ಬಲೆಗೆ ಸಿಕ್ಕಿ ಅವರ ಚರ್ಮವನ್ನು ಸುಟ್ಟದ್ದು ಇದೇ ಕಾರಣಕ್ಕೆ. ಹನಿಯನ್ನೂ ನೀರನ್ನೂ ಪ್ರತಿಕ್ರಿಯಾಕಾರಿಯನ್ನೂ ಒಂದೇ ದ್ರಾವಣವಾಗಿ ಬೆರೆಸಬಲ್ಲ ದ್ರಾವಕವಿದ್ದರೆ ಆ ಪದರ ಕಟ್ಟಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ದಪ್ಪವಾಗಲೆಂದು ಪಾಲಿಮರ್ ಬೆರೆಸಿದ ವಿಷದ ವಿಷಯದಲ್ಲಂತೂ ನೀರು ಏನೂ ಮಾಡಲಾರದು.

ಎಂ.ಎಸ್ಸಿ. ವಿದ್ಯಾರ್ಥಿ
ಅಯಾನಿಕ ದ್ರವಗಳು ಆವಿಯಾಗುವುದೇ ಇಲ್ಲ ಎಂದು ನಮ್ಮ ಪಠ್ಯದಲ್ಲಿದೆ. ಅದು ಪೂರ್ತಿ ನಿಜವೇ?

ಹಳೆಯ ಪ್ರಯೋಗಶಾಲೆ
ಪೂರ್ತಿ ನಿಜವಲ್ಲ. ಕೆಲವು ಅಯಾನಿಕ ದ್ರವಗಳನ್ನು ಅತಿ ಕಡಿಮೆ ಒತ್ತಡದಲ್ಲಿ, 200ರಿಂದ 300 ಡಿಗ್ರಿ ಉಷ್ಣತೆಯಲ್ಲಿ ಬಟ್ಟಿ ಇಳಿಸಬಹುದೆಂದು 2006ರಲ್ಲೇ ತೋರಿಸಲಾಗಿದೆ. ಕೋಣೆಯ ಉಷ್ಣತೆಯಲ್ಲಿ ಅವುಗಳ ಆವಿ ಒತ್ತಡ ಲೆಕ್ಕಕ್ಕೆ ಬರುವಷ್ಟಿಲ್ಲ ಎಂಬುದಷ್ಟೇ ಸರಿಯಾದ ಹೇಳಿಕೆ. ಬೆಂಕಿಯ ಮಾತೂ ಹಾಗೆಯೇ: ಆವಿ ಇಲ್ಲದಿರುವುದರಿಂದ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ನಿಜ, ಆದರೆ ಹೆಚ್ಚು ಕಾಯಿಸಿದಾಗ ಒಡೆದು ಬರುವ ಚೂರುಗಳು ಚೆನ್ನಾಗಿಯೇ ಉರಿಯುತ್ತವೆ. ನೈಟ್ರೇಟ್ ಅಥವಾ ಡೈಸಯನಮೈಡ್ ಋಣಾಯಾನುಗಳಿರುವ ಕೆಲವನ್ನು ಇಂಧನವಾಗಿಯೇ ಪರಿಶೀಲಿಸಲಾಗಿದೆ. ಅಂತಹ ದ್ರವಕ್ಕೆ ಗಾಢವಾದ ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸಿ ಇಡುವುದನ್ನು ಸುರಕ್ಷಿತವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಆವಿ ಇಲ್ಲದಿರುವುದರಲ್ಲಿ ಇನ್ನೊಂದು ಅಪಾಯವಿದೆ, ಅದನ್ನು ಯಾರೂ ಹೇಳುವುದಿಲ್ಲ. ವಿಷವು ಆ ದ್ರವದಲ್ಲಿ ಚೆನ್ನಾಗಿ ಕರಗಿದಾಗ ವಿಷದ ಆವಿ ಒತ್ತಡವೂ ಕುಸಿಯುತ್ತದೆ. ಸ್ವಚ್ಛಗೊಳಿಸಿದ ಮೇಲ್ಮೈಯ ಮೇಲೆ ಆವಿ ಶೋಧಕವನ್ನು ಹಿಡಿದು ನೋಡಿದರೆ ಅದು ಏನನ್ನೂ ತೋರಿಸುವುದಿಲ್ಲ. ಅಲ್ಲಿ ವಿಷವಿಲ್ಲವೆಂದು ಕೈಗವಸು ತೆಗೆದವನ ಗತಿಯೇನು? ವಿಷವು ಒಂದು ಅಣುವೂ ಒಡೆಯದೆ, ಇದ್ದಲ್ಲೇ ಇರಬಹುದು.

ತ್ಯಾಜ್ಯ ಎಂಜಿನಿಯರ್
ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ: ಔಷಧವನ್ನು ಚರ್ಮದ ಮೂಲಕ ಒಳಗೆ ಸಾಗಿಸಲು ಕೋಲೀನ್ ಮತ್ತು ಜೆರಾನಿಕ್ ಆಮ್ಲದ ಅಯಾನಿಕ ದ್ರವವನ್ನು ಬಳಸುವ ಸಂಶೋಧನೆ ನಡೆದಿದೆ. ಚರ್ಮದ ತಡೆಯನ್ನು ಸಡಿಲಿಸಬಲ್ಲ ದ್ರಾವಕದಲ್ಲಿ ಒಡೆಯದ ನರವಿಷ ಉಳಿದಿದ್ದರೆ ಅದು ಮೊದಲಿಗಿಂತ ಸುಲಭವಾಗಿ ದೇಹ ಸೇರಬಹುದು. ಆದ್ದರಿಂದ ಮನುಷ್ಯರ ಮೈಮೇಲಿನ ನಿರ್ವಿಷೀಕರಣಕ್ಕೆ ಇವುಗಳನ್ನು ಸೂಚಿಸುವವರು ಮೊದಲು ಚರ್ಮದ ಪರೀಕ್ಷೆಯ ಫಲಿತಾಂಶ ತೋರಿಸಲಿ.

ಲವಣದ್ರವ
ಎಲ್ಲ ಅಯಾನಿಕ ದ್ರವಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಅನಿಲ ಸಂಸ್ಕರಣಾ ಘಟಕದಲ್ಲಿ ನೈಸರ್ಗಿಕ ಅನಿಲದಿಂದ ಪಾದರಸವನ್ನು ತೆಗೆಯಲು ಮಲೇಷ್ಯಾದಲ್ಲಿ ಕ್ಲೋರೊಕ್ಯುಪ್ರೇಟ್ ಅಯಾನಿಕ ದ್ರವವನ್ನು ರಂಧ್ರಮಯ ಘನದ ಮೇಲೆ ಲೇಪಿಸಿ ಕೈಗಾರಿಕಾ ಮಟ್ಟದಲ್ಲಿ ಬಳಸಿದ್ದಾರೆ. ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದೊಂದಿಗೆ ಮಲೇಷ್ಯಾದ ತೈಲ ಕಂಪನಿ ಪೆಟ್ರೊನಾಸ್ ನಡೆಸಿದ ಕೆಲಸವದು. ವಿಷಕಾರಿ ವಸ್ತುವಿನ ಮೇಲೆ ಇವು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಳೆಯ ಪ್ರಯೋಗಶಾಲೆ
ಒಳ್ಳೆಯ ಉದಾಹರಣೆಯನ್ನೇ ಕೊಟ್ಟಿದ್ದೀರಿ, ಏಕೆಂದರೆ ಅದು ನನ್ನ ವಾದವನ್ನೇ ಎತ್ತಿಹಿಡಿಯುತ್ತದೆ. ಅಲ್ಲಿ ಪಾದರಸ ಸುಮ್ಮನೆ ಕರಗಿ ಕೂರುವುದಿಲ್ಲ. ತಾಮ್ರದ ಅಯಾನು ಅದನ್ನು ಉತ್ಕರ್ಷಿಸುತ್ತದೆ, ಅದು ಆವಿಯಾಗದ ಕ್ಲೋರೊಮರ್ಕ್ಯುರೇಟ್ ಆಗಿ ಬದಲಾಗುತ್ತದೆ. ಕೆಲಸ ಮಾಡುವುದು ದ್ರಾವಕದ ಒಳಗಿರುವ ರಸಾಯನಕ್ರಿಯೆ. ಇದಕ್ಕೆ ಪ್ರತಿಯಾಗಿ ಅರೆವಾಹಕ ಉದ್ಯಮಕ್ಕೆ ಬೇಕಾದ ಫಾಸ್ಫೀನ್ ಮತ್ತು ಬೋರಾನ್ ಟ್ರೈಫ್ಲೋರೈಡ್ ಅನಿಲಗಳನ್ನು ವಾತಾವರಣಕ್ಕಿಂತ ಕಡಿಮೆ ಒತ್ತಡದಲ್ಲಿ ಶೇಖರಿಸಿಡಲು ಅಯಾನಿಕ ದ್ರವಗಳನ್ನು ಅಭಿವೃದ್ಧಿಪಡಿಸಿದ್ದನ್ನು ನೋಡಿ. ಅಲ್ಲಿ ಅನಿಲವು ಋಣಾಯಾನಿನೊಂದಿಗೆ ಸಡಿಲವಾಗಿ ಬೆಸೆದುಕೊಂಡಿರುತ್ತದೆ, ನಿರ್ವಾತ ಕೊಟ್ಟರೆ ಹೊರಬರುತ್ತದೆ. ಅದೂ ಸುರಕ್ಷತೆಯೇ, ಬಹಳ ಬೆಲೆಯುಳ್ಳ ಸುರಕ್ಷತೆ. ಆದರೆ ಅದನ್ನು ನಿರ್ವಿಷೀಕರಣ ಎನ್ನಲಾಗದು.

ಅನ್ವೇಷಕಿ
ಹಾಗಾದರೆ ದ್ರಾವಕದೊಳಗೆ ಯಾವ ಪ್ರತಿಕ್ರಿಯೆ ನಡೆಯಬೇಕು? ಬಲವಾದ ಕ್ಷಾರವನ್ನು ಸೇರಿಸಿದರೆ ಸಾಲದೇ?

ಹಳೆಯ ಪ್ರಯೋಗಶಾಲೆ
ಸಾಲದು. ವಿಎಕ್ಸ್ ಎಂಬ ನರವಿಷವನ್ನೇ ತೆಗೆದುಕೊಳ್ಳಿ. ಅದರಲ್ಲಿ ರಂಜಕಕ್ಕೆ ಒಂದು ಕಡೆ ಗಂಧಕವೂ ಇನ್ನೊಂದು ಕಡೆ ಆಮ್ಲಜನಕದ ಮೂಲಕ ಈಥೈಲ್ ಗುಂಪೂ ಅಂಟಿವೆ. ರಂಜಕ ಮತ್ತು ಗಂಧಕದ ನಡುವಿನ ಬಂಧ ಮುರಿದರೆ ಕೆಲಸ ಆಯಿತು. ಆಮ್ಲಜನಕದ ಕಡೆಯ ಬಂಧ ಮುರಿದರೆ ಇಎ-2192 ಎಂಬ ವಸ್ತು ಹುಟ್ಟುತ್ತದೆ. ಅದು ಹೆಚ್ಚು ಕಡಿಮೆ ಮೂಲ ವಿಷದಷ್ಟೇ ಭಯಂಕರ, ನೀರಿನಲ್ಲಿ ಇನ್ನೂ ಸ್ಥಿರ. ಸಾಧಾರಣ ಕ್ಷಾರದಲ್ಲಿ ಎರಡೂ ದಾರಿಗಳು ಒಟ್ಟಿಗೆ ನಡೆಯುತ್ತವೆ. ಅದಕ್ಕಾಗಿಯೇ ಕೈಗಾರಿಕಾ ಮಟ್ಟದಲ್ಲಿ ಗಾಢ ಕಾಸ್ಟಿಕ್ ದ್ರಾವಣದಲ್ಲಿ ಬಿಸಿಮಾಡಿ, ಹುಟ್ಟಿದ ಇಎ-2192 ಕೂಡ ಒಡೆಯುವವರೆಗೆ ಕಾಯುತ್ತಿದ್ದರು. ಪೆರಾಕ್ಸೈಡಿನ ಋಣಾಯಾನು ಮಾತ್ರ ಗಂಧಕದ ಬಂಧವನ್ನೇ ಆರಿಸಿ ಮುರಿಯುತ್ತದೆ.

ಸಾಸಿವೆ ಅನಿಲಕ್ಕೆ ಬಂದರೆ ತೊಡಕು ಬೇರೆ ರೀತಿಯದು. ಗಂಧಕಕ್ಕೆ ಒಂದು ಆಮ್ಲಜನಕ ಸೇರಿದ ಸಲ್ಫಾಕ್ಸೈಡ್ ಚರ್ಮದ ಮೇಲೆ ಗುಳ್ಳೆ ಎಬ್ಬಿಸುವುದಿಲ್ಲ. ಎರಡು ಸೇರಿದ ಸಲ್ಫೋನ್ ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಅಂದರೆ ಉತ್ಕರ್ಷಣವನ್ನು ಅರ್ಧದಾರಿಯಲ್ಲಿ ನಿಲ್ಲಿಸಬೇಕು. ಆದ್ದರಿಂದ ಮೂಲ ವಿಷ ಎಷ್ಟು ಬೇಗ ಕಾಣೆಯಾಯಿತೆಂದು ಬರೆದು ಅದು ಏನಾಯಿತೆಂದು ಬರೆಯದ ಪ್ರಬಂಧವನ್ನು ನಾನು ಪಕ್ಕಕ್ಕಿಡುತ್ತೇನೆ.

ಲವಣದ್ರವ
ಇಲ್ಲಿಯೇ ಅಯಾನಿಕ ದ್ರವ ನೆರವಿಗೆ ಬರುವುದು. ಪೆರಾಕ್ಸೈಡ್ ಋಣಾಯಾನಿಗೆ ನೀರಿನಲ್ಲಿ ಎಣ್ಣೆಹನಿಯ ಒಳಹೊಕ್ಕಲು ಆಗುವುದಿಲ್ಲ. ಬೈಕಾರ್ಬೊನೇಟ್ ಅಥವಾ ಮಾಲಿಬ್ಡೇಟ್ ಜೊತೆಗೂಡಿಸಿದ ಪೆರಾಕ್ಸೈಡ್ ಮಿಶ್ರಣಗಳಿಗೆ ಹೇಗಿದ್ದರೂ ಸಾವಯವ ಸಹದ್ರಾವಕ ಬೇಕು. ಅದರ ಜಾಗದಲ್ಲಿ ನೀರಿನೊಂದಿಗೆ ಬೆರೆಯುವ ಅಯಾನಿಕ ದ್ರವವನ್ನು ಇಟ್ಟರೆ ಎಣ್ಣೆ ಮತ್ತು ನೀರು ಬೇರೆ ಬೇರೆ ಪದರವಾಗಿ ನಿಲ್ಲುವ ಸಮಸ್ಯೆ ನೀಗುತ್ತದೆ. ಹಳೆಯ ಸೇನಾ ದ್ರಾವಣವಾದ ಡಿಎಸ್-2 ಹೇಗಿತ್ತು? ಶೇಕಡ 70 ಡೈಈಥೈಲೀನ್ ಟ್ರೈಅಮೀನ್, ಶೇಕಡ 28 ಮಿಥಾಕ್ಸಿ ಎಥನಾಲ್, ಶೇಕಡ 2 ಕಾಸ್ಟಿಕ್ ಸೋಡಾ. ವಿಷವನ್ನು ಚೆನ್ನಾಗಿ ಒಡೆಯುತ್ತಿತ್ತು, ಜೊತೆಗೆ ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತಿತ್ತು, ಬಳಸುವವನ ಆರೋಗ್ಯವನ್ನೂ ಕೆಡಿಸುತ್ತಿತ್ತು. ಅದಕ್ಕಿಂತ ಉತ್ತಮವಾದುದನ್ನು ಹುಡುಕುವುದು ತಪ್ಪೇ?

ಎಂ.ಎಸ್ಸಿ. ವಿದ್ಯಾರ್ಥಿ
ಇಮಿಡಜೋಲಿಯಂ ದ್ರವಕ್ಕೆ ನೇರವಾಗಿ ಹೈಡ್ರಾಕ್ಸೈಡನ್ನೇ ಋಣಾಯಾನಾಗಿ ಕೊಟ್ಟರೆ ದ್ರಾವಕವೇ ಪ್ರತಿಕ್ರಿಯಾಕಾರಿ ಆಗುವುದಿಲ್ಲವೇ?

ಲವಣದ್ರವ
ಯೋಚನೆ ಆಕರ್ಷಕವಾಗಿದೆ, ಆದರೆ ಆ ಉಂಗುರದ ಎರಡನೆಯ ಇಂಗಾಲದ ಮೇಲಿರುವ ಹೈಡ್ರೋಜನ್ ಆಮ್ಲೀಯವಾದದ್ದು. ಬಲವಾದ ಕ್ಷಾರ ಅದನ್ನು ಕಿತ್ತು ಕಾರ್ಬೀನ್ ಮಾಡುತ್ತದೆ, ಅಥವಾ ಹೈಡ್ರಾಕ್ಸೈಡ್ ಅಲ್ಲಿಯೇ ಸೇರಿ ಉಂಗುರ ಒಡೆಯುತ್ತದೆ. ಆ ಜಾಗಕ್ಕೆ ಮೀಥೈಲ್ ಗುಂಪು ಹಾಕಿದರೆ ಕ್ಷಯ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಕ್ಷಾರೀಯ ಕೆಲಸಕ್ಕೆ ಪಿರೊಲಿಡಿನಿಯಂ ಧನಾಯಾನು ಹೆಚ್ಚು ಬಾಳಿಕೆಯದು. ಋಣಾಯಾನಾಗಿ ಹೈಡ್ರಾಕ್ಸೈಡಿಗಿಂತ ಫೀನೊಲೇಟ್ ಅಥವಾ ಆಕ್ಸಿಮೇಟ್ ಮೃದುವಾಗಿ ವರ್ತಿಸುತ್ತವೆ, ರಂಜಕದ ಮೇಲೆ ಮಾತ್ರ ಚುರುಕಾಗಿ ಎರಗುತ್ತವೆ.

ಹಳೆಯ ಪ್ರಯೋಗಶಾಲೆ
ಒಪ್ಪಿದೆ. ಟೆಟ್ರಾಫ್ಲೋರೊಬೋರೇಟ್ ಮತ್ತು ಹೆಕ್ಸಾಫ್ಲೋರೊಫಾಸ್ಫೇಟ್ ಋಣಾಯಾನುಗಳ ಬಗ್ಗೆಯೂ ಎಚ್ಚರಿಕೆ ಬೇಕು. ತೇವ ಮತ್ತು ಶಾಖ ಸೇರಿದರೆ ಇವು ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಕೊಡುತ್ತವೆ. ಸ್ವಚ್ಛಗೊಳಿಸಲು ಹೋಗಿ ಗಾಜನ್ನು ಕೊರೆಯುವ, ಎಲುಬಿಗೆ ಇಳಿಯುವ ಆಮ್ಲವನ್ನು ತಯಾರಿಸಿದಂತಾಗುತ್ತದೆ. ಇದರಿಂದ ಅಳತೆಯೂ ಕೆಡುತ್ತದೆ: ಸಾರಿನ್‌ನಂತಹ ನರವಿಷ ಒಡೆದಾಗ ಫ್ಲೋರೈಡ್ ಬಿಡುಗಡೆಯಾಗುವುದರಿಂದ ಫ್ಲೋರೈಡಿನ ಏರಿಕೆಯನ್ನೇ ನಾಶದ ಗುರುತೆಂದು ನೋಡುವ ಪದ್ಧತಿಯಿದೆ. ದ್ರಾವಕವೇ ಫ್ಲೋರೈಡ್ ಕೊಡುತ್ತಿದ್ದರೆ ಆ ಅಂಕಿಗೆ ಅರ್ಥವೇನು?

ಕಿಣ್ವಮಿತ್ರ
ಕಿಣ್ವಗಳನ್ನು ಯಾರೂ ಎತ್ತಲಿಲ್ಲವಲ್ಲ! ಆರ್ಗನೊಫಾಸ್ಫರಸ್ ಹೈಡ್ರೊಲೇಸ್ ಕಿಣ್ವವು ಪ್ಯಾರಾಕ್ಸಾನ್‌ನಂತಹ (ಕೀಟನಾಶಕಗಳ ಬಳಗದ) ಅಣುವನ್ನು ಸೆಕೆಂಡಿಗೆ ಸಾವಿರಾರು ಸಂಖ್ಯೆಯಲ್ಲಿ ಒಡೆಯುತ್ತದೆ, ಅದೂ ಕಾಸ್ಟಿಕ್ ಇಲ್ಲದೆ. ಕ್ಲೋರೈಡ್, ಅಸಿಟೇಟ್ ಋಣಾಯಾನುಗಳಿರುವ, ನೀರನ್ನು ಬಲವಾಗಿ ಹಿಡಿಯುವ ಅಯಾನಿಕ ದ್ರವಗಳು ಪ್ರೋಟೀನಿನ ಮಡಿಕೆಯನ್ನು ಬಿಚ್ಚಿಬಿಡಬಹುದು, ನಿಜ. ಆದರೆ ಕೋಲೀನ್ ಡೈಹೈಡ್ರೋಜನ್ ಫಾಸ್ಫೇಟಿಗೆ ಸ್ವಲ್ಪ ನೀರು ಸೇರಿಸಿದ ಮಾಧ್ಯಮದಲ್ಲಿ ಸೈಟೊಕ್ರೋಮ್-ಸಿ ಪ್ರೋಟೀನ್ ಬಹುಕಾಲ ಕೆಡದೆ ಉಳಿದಿದೆ. ಜಲವಿಭಜನೆಗೆ ವಿಷದ ಒಂದು ಅಣುವಿಗೆ ನೀರಿನ ಒಂದು ಅಣು ಸಾಕು. ಇಡೀ ಕೊಳವೇ ನೀರಾಗಿರಬೇಕಾಗಿಲ್ಲ.

ತ್ಯಾಜ್ಯ ಎಂಜಿನಿಯರ್
ಲೆಕ್ಕದಲ್ಲಿ ಒಂದು ಅಣು ಸಾಕು. ಆದರೆ ಆ ಒಂದು ಅಣು ವಿಷದ ಬಳಿಗೆ ತಲುಪಬೇಕಲ್ಲ! ಸ್ನಿಗ್ಧತೆಯನ್ನು ನೋಡಿ. 25 ಡಿಗ್ರಿಯಲ್ಲಿ ನೀರಿನದು 0.89 ಮಿಲಿಪ್ಯಾಸ್ಕಲ್-ಸೆಕೆಂಡು. ಬ್ಯುಟೈಲ್ ಮೀಥೈಲ್ ಇಮಿಡಜೋಲಿಯಂ ಟೆಟ್ರಾಫ್ಲೋರೊಬೋರೇಟಿನದು ಸುಮಾರು 100. ಅಣುಗಳು ಅಷ್ಟೇ ನಿಧಾನವಾಗಿ ಚಲಿಸುತ್ತವೆ, ಪಂಪಿಗೆ ಹೊರೆ ಹೆಚ್ಚುತ್ತದೆ, ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳುತ್ತದೆ, ಬಿರುಕಿನೊಳಗೆ ದ್ರವ ಇಳಿಯುವುದೇ ಇಲ್ಲ. ಕಾಯಿಸಿದರೆ ಅಥವಾ ಸ್ವಲ್ಪ ನೀರು ಸೇರಿಸಿದರೆ ಸ್ನಿಗ್ಧತೆ ಬಹಳವಾಗಿ ಇಳಿಯುತ್ತದೆ ಎಂಬುದು ಸಮಾಧಾನದ ಸಂಗತಿ. ತಯಾರಿಕೆಯಲ್ಲಿ ಉಳಿದ ಕ್ಲೋರೈಡ್ ಕಲ್ಮಶ ಅದನ್ನು ಏರಿಸುತ್ತದೆ ಎಂಬುದು ತಲೆನೋವಿನ ಸಂಗತಿ.

ಪರಿಸರ ಕಾಳಜಿ
ಇವುಗಳನ್ನು ಹಸಿರು ದ್ರಾವಕ ಎಂದು ಕರೆಯುವ ರೂಢಿಗೆ ನನ್ನ ಆಕ್ಷೇಪವಿದೆ. ಉದ್ದನೆಯ ಇಂಗಾಲದ ಸರಪಳಿಯಿರುವ ಇಮಿಡಜೋಲಿಯಂ ಲವಣಗಳು ಜಲಚರಗಳಿಗೆ ವಿಷಕಾರಿ. ಸರಪಳಿ ಉದ್ದವಾದಷ್ಟೂ ಜೀವಕೋಶದ ಪೊರೆಯನ್ನು ಹೆಚ್ಚು ಹರಿಯುತ್ತವೆ. ಗಾಳಿಗೆ ಹೋಗುವುದಿಲ್ಲ ಎಂಬುದು ನಿಜವೇ, ಆದರೆ ನೀರಿಗೆ ಹೋಗುತ್ತವಲ್ಲ. ಅನೇಕವು ಸುಲಭವಾಗಿ ಜೈವಿಕವಾಗಿ ಕೊಳೆಯುವುದೂ ಇಲ್ಲ.

ಲವಣದ್ರವ
ಅದಕ್ಕೇ ಕೋಲೀನ್ ಆಧಾರದ ದ್ರವಗಳತ್ತ ಎಲ್ಲರೂ ತಿರುಗಿರುವುದು. ಕೋಲೀನ್ ಕ್ಲೋರೈಡಿನ ಒಂದು ಪಾಲಿಗೆ ಯೂರಿಯಾದ ಎರಡು ಪಾಲು ಬೆರೆಸಿದರೆ, 302 ಮತ್ತು 133 ಡಿಗ್ರಿಗಳಲ್ಲಿ ಕರಗುವ ಎರಡು ಘನಗಳು ಕೂಡಿ 12 ಡಿಗ್ರಿಯಲ್ಲಿ ಕರಗುವ ದ್ರವವಾಗುತ್ತದೆಂದು 2003ರಲ್ಲಿ ಪ್ರಕಟವಾಯಿತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಅಯಾನಿಕ ದ್ರವವಲ್ಲ, ಅದರ ನೆರೆಯ ಬಳಗಕ್ಕೆ ಸೇರಿದ್ದು. ಆದರೆ ಎರಡು ಘಟಕಗಳೂ ಜೀವಿಗಳಿಗೆ ಪರಿಚಿತವಾದವು.

ಹಳೆಯ ಪ್ರಯೋಗಶಾಲೆ
ಯೂರಿಯಾ ಇರುವ ದ್ರವಕ್ಕೆ ಎಂದಿಗೂ ಬ್ಲೀಚನ್ನು ಬೆರೆಸಬಾರದೆಂದು ದಪ್ಪ ಅಕ್ಷರಗಳಲ್ಲಿ ಬರೆದಿಡಿ. ಕ್ಲೋರಮೈನುಗಳೂ, ಸಂದರ್ಭ ಕೂಡಿದರೆ ಸ್ಫೋಟಕವಾದ ನೈಟ್ರೋಜನ್ ಟ್ರೈಕ್ಲೋರೈಡೂ ಹುಟ್ಟುತ್ತವೆ. ನಿರ್ವಿಷೀಕರಣದ ಸ್ಥಳದಲ್ಲಿ ಬ್ಲೀಚ್ ಯಾವಾಗಲೂ ಪಕ್ಕದಲ್ಲೇ ಇರುತ್ತದೆ, ಆದ್ದರಿಂದ ಇದನ್ನು ಪುಸ್ತಕದ ಎಚ್ಚರಿಕೆ ಎಂದು ತಳ್ಳಿಹಾಕುವಂತಿಲ್ಲ.

ತ್ಯಾಜ್ಯ ಎಂಜಿನಿಯರ್
ಅನ್ವೇಷಕಿ ಅವರ ಮೂಲ ಪ್ರಶ್ನೆಗೆ ಬರುತ್ತೇನೆ. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂದಿತು. ಸದಸ್ಯ ರಾಷ್ಟ್ರಗಳು ಘೋಷಿಸಿದ 72,304 ಟನ್ ವಿಷದ ಕೊನೆಯ ಭಾಗವನ್ನು ಅಮೆರಿಕದ ಕೆಂಟಕಿಯಲ್ಲಿ 2023ರ ಜುಲೈ 7ರಂದು ನಾಶಪಡಿಸಲಾಯಿತು. ಈ ಕೆಲಸದ ಭಾರವನ್ನು ಹೊತ್ತದ್ದು ಕುಲುಮೆ ಮತ್ತು ಜಲವಿಭಜನೆ. 2014ರಲ್ಲಿ ಸಿರಿಯಾದ ಸುಮಾರು 600 ಟನ್ ರಾಸಾಯನಿಕಗಳನ್ನು ಕೇಪ್ ರೇ ಹಡಗಿನ ಮೇಲೆ, ಸಮುದ್ರದ ನಡುವೆಯೇ ಜಲವಿಭಜನೆಯಿಂದ ನಿರ್ವಿಷಗೊಳಿಸಿದರು. ಇವುಗಳಿಗೆ ಬೇಕಾದದ್ದು ನೀರು, ಕಾಸ್ಟಿಕ್, ಉಕ್ಕಿನ ಪಾತ್ರೆ, ಶಾಖ. ಟನ್‌ಗಟ್ಟಲೆ ವಿಷಕ್ಕೆ ಹಲವು ಪಟ್ಟು ದ್ರಾವಕ ಬೇಕು. ಆ ಪ್ರಮಾಣದಲ್ಲಿ ಶುದ್ಧವಾದ ಅಯಾನಿಕ ದ್ರವವನ್ನು ತಯಾರಿಸಿ, ಕೊನೆಗೆ ಅದನ್ನೂ ವಿಲೇವಾರಿ ಮಾಡುವ ಹೊರೆಯನ್ನು ಯಾವ ಘಟಕವೂ ಹೊರಲಾರದು.

ಅಷ್ಟು ಮಾತ್ರಕ್ಕೆ ಇವುಗಳಿಗೆ ಜಾಗವಿಲ್ಲವೆಂದಲ್ಲ. ಬಣ್ಣದ ಪದರಕ್ಕೋ ರಬ್ಬರ್ ಬೆಸುಗೆಗೋ ಇಳಿದ ವಿಷವನ್ನು ಹೊರಗೆಳೆಯಬೇಕಾದಾಗ, ನೀರು ತಾಗಬಾರದ ವಿದ್ಯುನ್ಮಾನ ಉಪಕರಣವನ್ನು ಒರೆಸಬೇಕಾದಾಗ, ಗಾಳಿ ಸೋಸುವ ಕಣಗಳ ಮೇಲೆ ತೆಳುವಾದ ಪದರವಾಗಿ ಲೇಪಿಸಿ ಬರುವ ಆವಿಯನ್ನು ಅಲ್ಲೇ ಹಿಡಿದು ಒಡೆಯಬೇಕಾದಾಗ, ಇಂತಹ ಸಣ್ಣ ಪ್ರಮಾಣದ ಕೆಲಸಗಳಲ್ಲಿ ನಾನು ಅಯಾನಿಕ ದ್ರವದ ಪರವಾಗಿಯೇ ನಿಲ್ಲುತ್ತೇನೆ.

ಲವಣದ್ರವ
ದೊಡ್ಡ ಪ್ರಮಾಣದ ಬಾಗಿಲನ್ನು ಅಷ್ಟು ಬೇಗ ಮುಚ್ಚಬೇಡಿ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 2002ರಿಂದ ನಡೆಸಿದ ಪ್ರಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಮೀಥೈಲ್ ಇಮಿಡಜೋಲ್ ಹೀರಿ, ಸುಮಾರು 75 ಡಿಗ್ರಿಯಲ್ಲಿ ಕರಗುವ ಲವಣವಾಗುತ್ತದೆ. ಮೊದಲು ಘನ ಲವಣದ ರೊಚ್ಚನ್ನು ಸೋಸಬೇಕಾಗಿತ್ತು. ಈಗ ಅದು ದ್ರವವಾಗಿ ತಳಕ್ಕೆ ಇಳಿಯುತ್ತದೆ, ನಲ್ಲಿ ತಿರುಗಿಸಿ ಬೇರ್ಪಡಿಸಿ, ಕಾಸ್ಟಿಕ್ ಹಾಕಿ ಮೀಥೈಲ್ ಇಮಿಡಜೋಲನ್ನು ಮರಳಿ ಪಡೆಯಬಹುದು. ಸಾಸಿವೆ ಅನಿಲ ಒಡೆದಾಗಲೂ ಹೈಡ್ರೋಕ್ಲೋರಿಕ್ ಆಮ್ಲವೇ ಬರುವುದು.

ತ್ಯಾಜ್ಯ ಎಂಜಿನಿಯರ್
ಅಲ್ಲಿ ಬೇಕಾದ ಉತ್ಪನ್ನ ಮೇಲಿನ ಪದರದಲ್ಲಿ ಶುದ್ಧವಾಗಿ ಸಿಗುತ್ತದೆ, ಆದ್ದರಿಂದ ಮರುಬಳಕೆ ಸುಲಭ. ನಿರ್ವಿಷೀಕರಣದಲ್ಲಿ ವಿಷಗಳು ಒಡೆದು ಬಂದ ಥಯೋಡೈಗ್ಲೈಕಾಲ್ ಮತ್ತು ಫಾಸ್ಫೋನಿಕ್ ಆಮ್ಲ, ಉಳಿದ ಪೆರಾಕ್ಸೈಡ್, ಬಣ್ಣದ ಚೂರು ಎಲ್ಲವೂ ಅದೇ ದ್ರವದಲ್ಲಿ ಕುಳಿತಿರುತ್ತವೆ. ಬಟ್ಟಿ ಇಳಿಸಿ ಬೇರ್ಪಡಿಸೋಣವೆಂದರೆ ದ್ರಾವಕವೂ ಆವಿಯಾಗದು, ಫಾಸ್ಫೋನಿಕ್ ಆಮ್ಲವೂ ಆವಿಯಾಗದು.

ಎಂ.ಎಸ್ಸಿ. ವಿದ್ಯಾರ್ಥಿ
ನನ್ನ ಯೋಜನೆ ಮೀಥೈಲ್ ಪ್ಯಾರಾಕ್ಸಾನನ್ನು ಬಳಸಿ ಇದೇ ವಿಷಯದಲ್ಲಿದೆ, ಮಾರ್ಗದರ್ಶಕರ ಅನುಮತಿಯೊಂದಿಗೆ. ಅದು ಒಡೆದಾಗ ಬರುವ ಪ್ಯಾರಾ-ನೈಟ್ರೊಫೀನಾಲಿನ ಹಳದಿ ಬಣ್ಣವನ್ನು 400 ನ್ಯಾನೊಮೀಟರ್ ಹತ್ತಿರ ಅಳೆದು ವೇಗವನ್ನು ಲೆಕ್ಕ ಹಾಕುವುದು ಸರಿಯೇ?

ಹಳೆಯ ಪ್ರಯೋಗಶಾಲೆ
ನೀರಿನಲ್ಲಿ ಸರಿ, ಅಯಾನಿಕ ದ್ರವದಲ್ಲಿ ಹಾಗೆಯೇ ನಂಬುವಂತಿಲ್ಲ. ನೀವು ನೋಡುವ ಹಳದಿಯು ನೈಟ್ರೊಫೀನಾಲ್ ಪ್ರೋಟಾನು ಕಳೆದುಕೊಂಡ ರೂಪದ್ದು. ಅಯಾನಿಕ ದ್ರವದಲ್ಲಿ ಅದರ ಆಮ್ಲೀಯತೆ ಬದಲಾಗುತ್ತದೆ, ಶಿಖರದ ತರಂಗದೂರ ಸರಿಯುತ್ತದೆ; ನೀರಿನಲ್ಲಿ ಮಾಡಿದ ಮಾಪನಾಂಕ ರೇಖೆಯನ್ನು ಇಲ್ಲಿಗೆ ತಂದರೆ ಸಾಂದ್ರತೆ ತಪ್ಪಾಗಿ ಬರುತ್ತದೆ. ಇನ್ನು ಶುದ್ಧವಾದ ಇಮಿಡಜೋಲಿಯಂ ದ್ರವ ನೀರಿನಂತೆ ಬಣ್ಣವಿಲ್ಲದ್ದು. ತಯಾರಿಸುವಾಗ ಹೆಚ್ಚು ಕಾಯಿಸಿದ್ದರೆ ಅದಕ್ಕೇ ಮಾಸಲು ಹಳದಿ ಬಣ್ಣ ಹತ್ತಿರುತ್ತದೆ, ಕೆಲವೊಮ್ಮೆ ಕಂದು ಛಾಯೆಯೂ ಬರುತ್ತದೆ. ಪ್ರತಿಕ್ರಿಯೆ ಆರಂಭವಾಗುವ ಮೊದಲೇ ಕುವೆಟ್‌ನಲ್ಲಿರುವ (ಅಳತೆಯ ಪುಟ್ಟ ಪಾತ್ರೆಯಲ್ಲಿರುವ) ದ್ರವ ಹಳದಿಯಾಗಿದ್ದರೆ ನೀವು ಅಳೆಯುವುದು ಏನನ್ನು? ಅದೇ ದ್ರವದಲ್ಲಿ, ಅಷ್ಟೇ ನೀರಿನಂಶವಿಟ್ಟು, ಹೊಸ ರೇಖೆ ಹಾಕಿಕೊಳ್ಳಿ.

ಕಿಣ್ವಮಿತ್ರ
ಪ್ಯಾರಾಕ್ಸಾನ್ ನರವಿಷದ ಬದಲಿಗೆ ಬಳಸುವ ವಸ್ತು ಎಂಬ ಕಾರಣಕ್ಕೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದೂ ನರಗಳ ಕೆಲಸಕ್ಕೆ ಬೇಕಾದ ಅಸಿಟೈಲ್‌ಕೋಲೀನ್‌ಎಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುವ ಬಲವಾದ ವಿಷವೇ.

ಹಳೆಯ ಪ್ರಯೋಗಶಾಲೆ
ಹೌದು. ಅದರ ಫಲಿತಾಂಶವನ್ನು ವಿಎಕ್ಸ್‌ಗೆ ಅನ್ವಯಿಸಲೂ ಬೇಡಿ. ಪ್ಯಾರಾಕ್ಸಾನ್‌ನಲ್ಲಿ ರಂಜಕ ಮತ್ತು ಗಂಧಕದ ನಡುವಿನ ಬಂಧವೂ ಇಲ್ಲ, ಫ್ಲೋರಿನ್ನೂ ಇಲ್ಲ. ನೈಟ್ರೊಫೀನಾಲ್ ಸುಲಭವಾಗಿ ಕಳಚಿಕೊಳ್ಳುವ ಗುಂಪು. ಯಾವ ಬಂಧ ಮುರಿಯಬೇಕೆಂಬ ಪ್ರಶ್ನೆ ಅಲ್ಲಿ ವಿಎಕ್ಸ್‌ನಷ್ಟು ಕಠಿಣವಾಗಿ ಏಳುವುದಿಲ್ಲ.

ಅನ್ವೇಷಕಿ
ಎಲ್ಲರಿಗೂ ಧನ್ಯವಾದಗಳು. ಕೊನೆಯದಾಗಿ ಒಂದು ಪ್ರಶ್ನೆ: ಬಣ್ಣವನ್ನು ನಂಬದಿದ್ದರೆ ಉತ್ಪನ್ನ ಯಾವುದೆಂದು ಖಚಿತವಾಗಿ ತಿಳಿಯುವ ದಾರಿ ಯಾವುದು?

ಹಳೆಯ ಪ್ರಯೋಗಶಾಲೆ
ರಂಜಕದ ಎನ್‌ಎಂಆರ್, ಅಂದರೆ ಕಾಂತಕ್ಷೇತ್ರದಲ್ಲಿ ರಂಜಕದ ಪರಮಾಣು ಬೀಜಗಳು ಕೊಡುವ ಸಂಕೇತವನ್ನು ದಾಖಲಿಸುವ ವಿಧಾನ. ಮೂಲ ವಿಷ, ಬೇಕಾದ ಆಮ್ಲ, ಬೇಡದ ಉಪಉತ್ಪನ್ನ, ಮೂರೂ ಬೇರೆ ಬೇರೆ ಜಾಗದಲ್ಲಿ ಶಿಖರವಾಗಿ ನಿಲ್ಲುತ್ತವೆ, ಪ್ರತಿಕ್ರಿಯೆ ನಡೆಯುತ್ತಿರುವಾಗಲೇ ನೋಡಬಹುದು. ಹೆಕ್ಸಾಫ್ಲೋರೊಫಾಸ್ಫೇಟ್ ದ್ರಾವಕವಾದರೆ ಋಣ 144 ಪಿಪಿಎಂ ಸುಮಾರಿಗೆ ಏಳು ಗೆರೆಗಳ ದೊಡ್ಡ ಗುಂಪು ಕಾಣುತ್ತದೆ, ಅದು ದ್ರಾವಕದ್ದೇ. ವಿಷವನ್ನು ಹಾಕುವ ಮೊದಲು ಬರೀ ದ್ರಾವಕ ಮತ್ತು ಪ್ರತಿಕ್ರಿಯಾಕಾರಿಯನ್ನು ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತು ಇಟ್ಟು ಒಮ್ಮೆ ದಾಖಲಿಸಿಕೊಳ್ಳಿ. ಆ ಖಾಲಿ ಪ್ರಯೋಗದಲ್ಲೇ ಹೊಸ ಗೆರೆಗಳು ಮೂಡಿದರೆ ದ್ರಾವಕವನ್ನು ಬದಲಿಸಿ, ವಿಷದ ಬಾಟಲಿಯನ್ನು ಆಮೇಲೆ ತೆರೆಯಿರಿ.

ಲವಣದ್ರವ
ಸ್ನಿಗ್ಧತೆ ಹೆಚ್ಚಿದ್ದರೆ ಗೆರೆಗಳು ಅಗಲವಾಗಿ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮಾದರಿಯನ್ನು 50 ಅಥವಾ 60 ಡಿಗ್ರಿಗೆ ಕಾಯಿಸಿ ದಾಖಲಿಸಿದರೆ ಬೇರ್ಪಡುತ್ತವೆ, ಆದರೆ ಆ ಉಷ್ಣತೆಯಲ್ಲಿ ಪ್ರತಿಕ್ರಿಯೆಯೂ ವೇಗವಾಗುತ್ತದೆ. ವೇಗಾಂಕ ಬರೆಯುವಾಗ ಉಷ್ಣತೆಯನ್ನು ಪಕ್ಕದಲ್ಲೇ ಬರೆಯಿರಿ.